ಬಿಟ್ಟಿ ಹಾಡು, ಯಾರ ದುಡ್ಡು?

ಪ್ರಶ್ನೆ: ಕೋಲ್ಡ್‌ಪ್ಲೇಯಂಥ ದೊಡ್ಡ ಬ್ಯಾಂಡ್‌ನವರು ಆಫ್ರಿಕಾದ ಊರುಗಳಿಗೆ ಹೋಗಿ ಉಚಿತ ಕಾರ್ಯಕ್ರಮ ಕೊಟ್ಟರೆ ಆ ಊರು ಉದ್ಧಾರ ಆಗುತ್ತಲ್ವಾ ಸರ್? ಕಾಲೇಜಲ್ಲಿ ಚರ್ಚೆ ಆಯ್ತು. ನಾನು ಆಗುತ್ತೆ ಅಂದೆ, ಎಲ್ಲರೂ ನಕ್ಕರು.
– ವಿದ್ಯಾರ್ಥಿ, ಡೊಂಬಿವಲಿ

ಉತ್ತರ: ನಕ್ಕವರ ಮಾತು ಬಿಡು ಮಾರಾಯ, ಅವರಲ್ಲಿ ಅರ್ಧ ಜನ ಟಿಕೆಟ್ ಸಿಕ್ಕಿದರೆ ನಿನಗಿಂತ ಮೊದಲು ಓಡುವವರು. ಆದರೆ ಉಚಿತ ಅನ್ನೋದು ನೋಡುವವರಿಗೆ ಮಾತ್ರ. ದುಡ್ಡು ಯಾರೋ ಕೊಟ್ಟೇ ಇರುತ್ತಾರೆ. ಅದು ಯಾರ ಕೈಗೆ ಹೋಯಿತು ಅಂತ ನೋಡಬೇಕು.

ಊರಲ್ಲಿ ಯಕ್ಷಗಾನದ ಹರಕೆ ಆಟ ಆದರೆ ನೋಡುವವರು ಪೈಸೆ ಕೊಡಬೇಕಿಲ್ಲ. ಹರಕೆ ಹೊತ್ತವರು ಮೇಳಕ್ಕೆ ಕೊಟ್ಟಿರುತ್ತಾರೆ, ಭಾಗವತರಿಗೂ ವೇಷಧಾರಿಗಳಿಗೂ ಸಂಬಳ ಸಿಗುತ್ತದೆ, ಗದ್ದೆ ಬದಿಯಲ್ಲಿ ರಾತ್ರಿಯಿಡೀ ಚುರುಮುರಿ ಮಾರುವವನಿಗೂ ನಾಲ್ಕು ಕಾಸು ಆಗುತ್ತದೆ. ಎಲ್ಲ ಅಲ್ಲೇ ಸುತ್ತುತ್ತದೆ, ಮುಂದಿನ ವರ್ಷ ಮತ್ತೆ ಮೇಳ ಬರುತ್ತದೆ. ವಿದೇಶಿ ಬ್ಯಾಂಡ್ ಒಂದು ರಾತ್ರಿಗೆ ಬಂದರೆ ಹಾಗಾಗೋದಿಲ್ಲ. ಸ್ಪೀಕರ್, ಲೈಟು, ಅದನ್ನು ಕಟ್ಟುವವರು ಎಲ್ಲ ಹೊರಗಿನಿಂದ ಬಂದು ಹೊರಗೇ ಹೋಗುತ್ತಾರೆ. ಊರಿಗೆ ಉಳಿಯೋದು ಒಂದು ದಿನದ ಚಹಾ-ತಿಂಡಿ ವ್ಯಾಪಾರ, ಆಮೇಲೆ ರಾಶಿ ಕಸ.

ಇನ್ನು ಪ್ರತಿ ವರ್ಷ ಬಂದರೂ ಸಾಲದು. ಮೊರಾಕ್ಕೊದ ರಾಜಧಾನಿ ರಬಾತ್‌ನಲ್ಲಿ 2001ರಿಂದ ಮವಾಜಿನ್ ಅಂತ ಭಾರೀ ಸಂಗೀತ ಹಬ್ಬ ನಡೆಯುತ್ತಿದೆ. ಜಗತ್ತಿನ ದೊಡ್ಡ ದೊಡ್ಡ ತಾರೆಗಳು ಹಾಡುತ್ತಾರೆ, ಬಹಳಷ್ಟು ವೇದಿಕೆಗಳಿಗೆ ಟಿಕೆಟ್ ಇಲ್ಲ. ಆದರೂ 2011ರಲ್ಲಿ ಅಲ್ಲಿನ ಯುವಕರೇ ಬೀದಿಗಿಳಿದು ‘ಹಬ್ಬ ರದ್ದು ಮಾಡಿ, ಇಷ್ಟೊಂದು ಖರ್ಚು ಯಾಕೆ’ ಅಂದರು. ಬಿಟ್ಟಿ ಕೊಟ್ಟರೂ ಬೇಡ ಅಂದರು ಅಂದರೆ ಎಷ್ಟು ಸಿಟ್ಟು ಬಂದಿರಬೇಕು ನೋಡು!

ಅದೇ ದೇಶದಲ್ಲಿ ಇದಕ್ಕೆ ಉಲ್ಟಾ ಕಥೆಯೂ ಇದೆ, ನನಗೆ ಬಹಳ ಇಷ್ಟವಾದದ್ದು. ಅಟ್ಲಾಂಟಿಕ್ ದಂಡೆಯಲ್ಲಿ ಎಸ್ಸಾವೀರಾ ಅನ್ನೋ ಪುಟ್ಟ ಮೀನುಗಾರರ ಊರು. ಸಹಾರಾದ ಆಚೆಯಿಂದ ಗುಲಾಮರಾಗಿ ಬಂದವರ ವಂಶದವರು ಅಲ್ಲಿ ಗ್ನಾವಾ ಸಂಗೀತ ಉಳಿಸಿಕೊಂಡಿದ್ದರು. ಮೂರು ತಂತಿಯ ವಾದ್ಯ, ಕಬ್ಬಿಣದ ತಾಳ, ರಾತ್ರಿಯಿಡೀ ಹಾಡು. ಅವರನ್ನು ಕೀಳಾಗಿ ಕಾಣುವವರೇ ಜಾಸ್ತಿ ಇದ್ದರು. 1998ರಲ್ಲಿ ಅವರಿಗೆಂದೇ ಹಬ್ಬ ಶುರುವಾಯಿತು. ದೊಡ್ಡ ವೇದಿಕೆಗಳು ಉಚಿತ. ಹೊರಗಿನಿಂದ ಜಾಝ್ ಕಲಾವಿದರು ಬರುತ್ತಾರೆ, ಆದರೆ ಅವರು ಅತಿಥಿಗಳು, ಊರಿನ ಗ್ನಾವಾ ಗುರುಗಳ ಪಕ್ಕದಲ್ಲಿ ಕೂತು ನುಡಿಸುತ್ತಾರೆ. ಹಳೆಯ ಮನೆಗಳು ವಸತಿಗೃಹಗಳಾದವು, ಊರಿಗೆ ಪ್ರವಾಸಿಗರು ಬರತೊಡಗಿದರು, 2019ರಲ್ಲಿ ಗ್ನಾವಾ ಯುನೆಸ್ಕೊ ಪಟ್ಟಿಗೂ ಸೇರಿತು. ಹಾಗಾಗಿ ನಿನ್ನ ಗೆಳೆಯರಿಗೆ ಹೇಳು: ಆಗುತ್ತೆ, ಆದರೆ ಊರಿನವರೇ ಮುಖ್ಯ ಕಲಾವಿದರಾಗಿ, ಅದೇ ಊರಲ್ಲಿ ವರ್ಷ ವರ್ಷ ನಡೆದರೆ.

ಪ್ರಶ್ನೆ: ಗೋವಾದಲ್ಲಿ ಸಂಗೀತ ಹಬ್ಬ ಬಂತೆಂದರೆ ಹೋಟೆಲು, ಟ್ಯಾಕ್ಸಿಯವರಿಗೆ ಸುಗ್ಗಿ. ಆಫ್ರಿಕಾದಲ್ಲೂ ಅಷ್ಟೇ ತಾನೇ?
– ಓದುಗರು, ಮಾಪುಸಾ

ಉತ್ತರ: ಗೋವಾದಲ್ಲಿ ವಿಮಾನ ನಿಲ್ದಾಣ, ರಸ್ತೆ, ಹೋಟೆಲು ಮೊದಲೇ ಇತ್ತು, ಹಬ್ಬ ಅದನ್ನು ತುಂಬಿಸಿತು ಅಷ್ಟೆ. ಮಾಲಿ ದೇಶದ ಮರಳುಗಾಡಿನಲ್ಲಿ 2001ರಿಂದ, ಆಮೇಲೆ ಟಿಂಬಕ್ಟು ಹತ್ತಿರ, ಒಳ್ಳೆಯ ಹಬ್ಬ ನಡೆಯುತ್ತಿತ್ತು, ವಿದೇಶಿಯರೂ ಬರುತ್ತಿದ್ದರು. 2012ರಲ್ಲಿ ಯುದ್ಧ ಶುರುವಾಯಿತು, ಉತ್ತರ ಮಾಲಿ ಹಿಡಿದ ಉಗ್ರರು ಸಂಗೀತವನ್ನೇ ನಿಷೇಧಿಸಿದರು. ಹಬ್ಬ ನಿಂತಿತು. ಊರಲ್ಲಿ ನೆಮ್ಮದಿ ಇದ್ದರೆ ಮಾತ್ರ ಹಬ್ಬದ ಸುಗ್ಗಿ.

ಪ್ರಶ್ನೆ: 1985ರ ಲೈವ್ ಏಡ್ ಬಗ್ಗೆ ಆಗ ಪತ್ರಿಕೆಗಳಲ್ಲಿ ಓದಿದ್ದೆ. ಅಷ್ಟು ಹಣ ಕೂಡಿತಲ್ಲ, ಅದೂ ದಂಡವಾಯಿತೇ?
– ನಿವೃತ್ತ ಶಿಕ್ಷಕಿ, ಪುಣೆ

ಉತ್ತರ: ದಂಡ ಅನ್ನಲಾರೆ, ಟೀಚರ್. ಇಥಿಯೋಪಿಯಾದ ಬರಗಾಲಕ್ಕೆ ಹಣ ಕೂಡಿಸಲು ಮಾಡಿದ ಆ ಸಂಗೀತ ಕಾರ್ಯಕ್ರಮ ಜುಲೈ 13ರಂದು ಲಂಡನ್ ಮತ್ತು ಫಿಲಡೆಲ್ಫಿಯಾದಲ್ಲಿ ಒಂದೇ ದಿನ ನಡೆಯಿತು. ಅದು ಉಚಿತವಲ್ಲ, ಟಿಕೆಟ್ ಇತ್ತು, ಟೀವಿ ನೋಡಿದವರೂ ಹಣ ಕಳಿಸಿದರು. ಇಥಿಯೋಪಿಯಾದಲ್ಲಿ ಹಸಿದವರಿಗೆ ಊಟ ಸಿಕ್ಕಿತು, ಜೀವ ಉಳಿಯಿತು. ಆದರೆ ಆ ಬರಕ್ಕೆ ಮಳೆಯೊಂದೇ ಕಾರಣವಲ್ಲ, ಒಳಗೆ ಯುದ್ಧವೂ ಇತ್ತು. ಅಲ್ಲಿನ ಮಿಲಿಟರಿ ಸರ್ಕಾರ ಉತ್ತರದ ಜನರನ್ನು ಬಲವಂತವಾಗಿ ದಕ್ಷಿಣಕ್ಕೆ ಸಾಗಿಸುತ್ತಿತ್ತು. ಇದು ತಪ್ಪು ಎಂದ ಫ್ರಾನ್ಸಿನ ವೈದ್ಯರ ತಂಡವನ್ನು ಆ ವರ್ಷದ ಕೊನೆಗೆ ದೇಶದಿಂದಲೇ ಹೊರಗೆ ಹಾಕಿದರು. ಹಾಡು ಅಂಥದ್ದನ್ನೆಲ್ಲ ಸರಿ ಮಾಡೀತು ಅಂತ ನಿರೀಕ್ಷಿಸೋದು ಹಾಡಿಗೂ ಅನ್ಯಾಯ.

20 ವರ್ಷ ಆದಮೇಲೆ, 2005ರ ಜುಲೈ 2ರಂದು ಲೈವ್ 8 ನಡೆಯಿತು, ಅದು ಉಚಿತ. ದುಡ್ಡು ಬೇಡ, ಶ್ರೀಮಂತ ದೇಶಗಳ ನಾಯಕರ ಮೇಲೆ ಒತ್ತಡ ಹಾಕಿ ಅಂದರು. (ನಮ್ಮ ಮುಂಬಯಿಯ ಬಿಕೆಸಿ ಮೈದಾನದಲ್ಲಿ 2016ರ ನವೆಂಬರ್ 19ರಂದು, ನೋಟು ರದ್ದಾಗಿ ಎಲ್ಲರೂ ಎಟಿಎಂ ಮುಂದೆ ನಿಂತಿದ್ದ ಆ ದಿನಗಳಲ್ಲಿ, ಕೋಲ್ಡ್‌ಪ್ಲೇ ಹಾಡಿದ್ದೂ ಹೆಚ್ಚು ಕಡಿಮೆ ಇದೇ ಲೆಕ್ಕಾಚಾರ. ಮೊಬೈಲಲ್ಲಿ ಅರ್ಜಿಗೆ ಸಹಿ ಹಾಕಿ ಪಾಯಿಂಟ್ ಗಳಿಸಿದರೂ ಟಿಕೆಟ್ ಸಿಗುತ್ತಿತ್ತು.) ಲೈವ್ 8ರ ಲಂಡನ್ನಿನ ಮುಖ್ಯ ವೇದಿಕೆಯಲ್ಲಿ ಆಫ್ರಿಕಾದವರು ಅಪರೂಪ. ಅವರಿಗೆ ದೂರದ ಕಾರ್ನ್‌ವಾಲ್‌ನಲ್ಲಿ ಬೇರೆ ವೇದಿಕೆ ಕೊಟ್ಟರು. ಇದು ಮದುವೆ ಮನೆಯಲ್ಲಿ ಮದುಮಗನನ್ನೇ ಬೇರೆ ಪಂಕ್ತಿಯಲ್ಲಿ ಕೂರಿಸಿದ ಹಾಗಲ್ವಾ?

ಆದರೂ ಆ ವರ್ಷ ಒಂದು ಕೆಲಸ ಆಯಿತು. 18 ಬಡ ದೇಶಗಳ ಸುಮಾರು 4,000 ಕೋಟಿ ಡಾಲರ್ ಸಾಲ ಮನ್ನಾಕ್ಕೆ ಒಪ್ಪಿಗೆ ಸಿಕ್ಕಿತು, ಅದರಲ್ಲಿ 14 ಆಫ್ರಿಕಾದವು. ಆ ಒಪ್ಪಿಗೆ ಸಿಕ್ಕಿದ್ದು ಜೂನ್‌ನಲ್ಲಿ, ಕಾರ್ಯಕ್ರಮಕ್ಕೆ ಮೊದಲೇ. ಅದರ ಹಿಂದೆ ವರ್ಷಗಟ್ಟಲೆ ಚರ್ಚುಗಳು, ಸಂಘಟನೆಗಳು ಬೆವರು ಸುರಿಸಿದ್ದವು. ಗಿಟಾರಿನವರಿಗೆ ಸಿಕ್ಕಿದ್ದು ಫೋಟೋ. ಸಾಲ ಇಳಿದ ಮೇಲೆ ಜಾಂಬಿಯಾ 2006ರ ಏಪ್ರಿಲ್‌ನಲ್ಲಿ ಹಳ್ಳಿ ಆಸ್ಪತ್ರೆಗಳ ಶುಲ್ಕ ತೆಗೆದುಹಾಕಿತು. ಅಭಿವೃದ್ಧಿ ಅಂದರೆ ನಾನು ಇದನ್ನು ತೋರಿಸುತ್ತೇನೆ. ಆಫ್ರಿಕಾಕ್ಕೆ ಹೆಚ್ಚುವರಿ ನೆರವು ಕೊಡುತ್ತೇವೆ ಅಂತ ಆಗ ಹೇಳಿದ ದೊಡ್ಡ ಮೊತ್ತ ಮಾತ್ರ ಪೂರ್ತಿ ಬರಲೇ ಇಲ್ಲ.

ಪ್ರಶ್ನೆ: ನಮ್ಮ ಸಂಘದವರು ಆಫ್ರಿಕಾದ ಮಕ್ಕಳಿಗಾಗಿ ಉಚಿತ ಸಂಗೀತ ಸಂಜೆ ಮಾಡಿ, ಡಬ್ಬಿಯಲ್ಲಿ ಹಣ ಕೂಡಿಸಬೇಕೆಂದಿದ್ದೇವೆ. ಸಲಹೆ ಕೊಡಿ.
– ಸಂಘದ ಕಾರ್ಯದರ್ಶಿ, ವಾಸ್ಕೊ

ಉತ್ತರ: ಮೊದಲು ಲೆಕ್ಕಪತ್ರದವರನ್ನು ಕಾಣಿ. 1971ರ ಆಗಸ್ಟ್ 1ರಂದು ಸಿತಾರ್ ವಾದಕ ರವಿಶಂಕರ್ ಮತ್ತು ಬೀಟಲ್ಸ್ ಬ್ಯಾಂಡಿನ ಜಾರ್ಜ್ ಹ್ಯಾರಿಸನ್ ಬಾಂಗ್ಲಾ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ಕಾರ್ಯಕ್ರಮ ಮಾಡಿದರು. ಗೇಟಿನ ಹಣ ಯುನಿಸೆಫ್‌ಗೆ ಹೋಯಿತು. ಧ್ವನಿಮುದ್ರಿಕೆಯ ದೊಡ್ಡ ಹಣ ಮಾತ್ರ ತೆರಿಗೆ ಇಲಾಖೆಯ ತಗಾದೆಯಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು, ಯಾಕೆಂದರೆ ದಾನದ ಕಾಗದಪತ್ರ ಮೊದಲೇ ಮಾಡಿರಲಿಲ್ಲ. ಅಷ್ಟು ದೊಡ್ಡವರಿಗೇ ಹಾಗಾಯಿತು. ನಮ್ಮಲ್ಲೂ ಟ್ರಸ್ಟಿನ ಹಣ ಹೊರದೇಶದಲ್ಲಿ ಖರ್ಚಾದರೆ ತೆರಿಗೆ ವಿನಾಯಿತಿ ಸುಲಭಕ್ಕೆ ಸಿಗೋದಿಲ್ಲ.

ನನ್ನನ್ನು ಕೇಳಿದರೆ ಡಬ್ಬಿ ಬಿಡಿ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿಗಳಿದ್ದಾರೆ, ನಿಮಗೆ ಘಟ್ಟ ಹತ್ತಿದರೆ ಸಿಕ್ಕಿಬಿಡುತ್ತಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು, ಎಷ್ಟೋ ಮಂದಿ ಪೋರ್ಚುಗೀಸರ ಕಾಲದಲ್ಲಿ ನಿಮ್ಮ ಗೋವಾದ ಮೂಲಕವೇ. ಅವರ ಡಮಾಮಿ ಕುಣಿತದ ತಂಡವನ್ನು ಕರೆಸಿ. ಆಮೇಲೆ ಶಾಲು, ಸ್ಮರಣಿಕೆ ಕೊಟ್ಟು ಕಳಿಸಬೇಡಿ. ಸಂಭಾವನೆ ಎಷ್ಟು ಅಂತ ಅವರನ್ನೇ ಕೇಳಿ ಮುಂಗಡ ಕೊಡಿ, ಬಸ್ಸು, ಊಟ, ತಂಗೋ ವ್ಯವಸ್ಥೆ ಬೇರೆ ಮಾಡಿ. ಚೆನ್ನಾಗಿ ಆದರೆ ಮುಂದಿನ ವರ್ಷದ ತಾರೀಕನ್ನೂ ಆಗಲೇ ಗೊತ್ತು ಮಾಡಿಬಿಡಿ.