ಕರುಳಿನ ಬ್ಯಾಕ್ಟೀರಿಯಾ ಮತ್ತು ಕ್ಯಾನ್ಸರ್: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ತಂದೆಯವರಿಗೆ 48ನೆಯ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಆಗಿ, ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕರುಳಿನ ಬ್ಯಾಕ್ಟೀರಿಯಾಗಳೂ ಈ ರೋಗಕ್ಕೆ ಕಾರಣವೆಂದು ಓದಿದೆ. ಹಾಗಾದರೆ ಇದು ಅಂಟುರೋಗವೇ? ಅವರ ತಾಟಿನಲ್ಲಿ ಉಣ್ಣಬಹುದೇ? ನನಗೆ 34 ವರ್ಷ. ಎರಡು ತಿಂಗಳಿಂದ ಮಲದಲ್ಲಿ ಆಗಾಗ ರಕ್ತ ಕಾಣುತ್ತಿದೆ. ಮೂಲವ್ಯಾಧಿ ಇರಬಹುದೆಂದು ಪ್ರೋಬಯೋಟಿಕ್ (ಒಳ್ಳೆಯ ಬ್ಯಾಕ್ಟೀರಿಯಾಗಳಿರುವ) ಪುಡಿ ತೆಗೆದುಕೊಳ್ಳುತ್ತಿದ್ದೇನೆ.
– ಓದುಗರೊಬ್ಬರು, ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ

ಉತ್ತರ: ನೀವು ಕೊನೆಗೆ ಬರೆದಿರುವ ರಕ್ತದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ತಂದೆಗೋ ತಾಯಿಗೋ ಅರವತ್ತರೊಳಗೆ ಈ ರೋಗ ಬಂದಿದ್ದರೆ, ಮಕ್ಕಳು 40ನೆಯ ವಯಸ್ಸಿಗೆ ಅಥವಾ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವುದು ಮೊದಲೋ ಆಗ, ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಬೇಕೆನ್ನುತ್ತಾರೆ. ಆ ಲೆಕ್ಕದಲ್ಲಿ ನಿಮಗೆ 38 ಆಗುತ್ತದೆ. ಆದರೆ ಅದು ಯಾವ ತೊಂದರೆಯೂ ಇಲ್ಲದವರಿಗೆ ಹೇಳಿದ ಮಾತು. ರಕ್ತ ಕಾಣುತ್ತಿರುವಾಗ ನೀವು ಅಲ್ಲಿಯವರೆಗೆ ಕಾಯುವಂತಿಲ್ಲ. ಈ ವಾರವೇ ವೈದ್ಯರನ್ನು ಕಾಣಿರಿ, ತಂದೆಯವರ ಕಾಗದಪತ್ರಗಳನ್ನೂ ಒಯ್ಯಿರಿ. ಮೂಲವ್ಯಾಧಿ ಇದ್ದವರ ಕರುಳಿನಲ್ಲಿಯೇ ಮೇಲೆಲ್ಲೋ ಒಂದು ಗಂಟೂ ಇರಬಹುದು, ಮತ್ತು ಒಳಗೆ ನೋಡದೆ ಅದು ತಿಳಿಯುವುದಿಲ್ಲ.

ಇನ್ನು ಬ್ಯಾಕ್ಟೀರಿಯಾದ ವಿಷಯ. ನೀವು ಓದಿದ್ದು ಸುಳ್ಳಲ್ಲ. ಬಾಯಿಯ ಒಸಡಿನಲ್ಲಿ ವಾಸಿಸುವ ಫ್ಯೂಸೋಬ್ಯಾಕ್ಟೀರಿಯಮ್ ನ್ಯೂಕ್ಲಿಯೇಟಮ್ ಎಂಬುದು ಕರುಳಿನ ಗಡ್ಡೆಗಳಲ್ಲಿ ಹೆಚ್ಚಾಗಿ ಸೇರಿಕೊಂಡಿರುವುದನ್ನು 2012ರಲ್ಲಿ ಎರಡು ಸಂಶೋಧಕ ತಂಡಗಳು ತೋರಿಸಿದವು. ಅದು ತನ್ನ ಮೇಲ್ಮೈಯ ಒಂದು ಪ್ರೋಟೀನಿನಿಂದ ಕರುಳಿನ ಜೀವಕೋಶಕ್ಕೆ ಕಚ್ಚಿಕೊಂಡು, ಕೋಶ ಬೆಳೆಯುವಂತೆ ಪ್ರಚೋದಿಸುತ್ತದೆ. ಗಡ್ಡೆಯ ಮೇಲೆ ದಾಳಿ ಮಾಡಬೇಕಾದ ರೋಗನಿರೋಧಕ ಕೋಶಗಳನ್ನೂ ತಡೆಯುತ್ತದೆ. ಕರುಳಿನಲ್ಲಿ ಸಾಮಾನ್ಯವಾಗಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳ ಕೆಲಸ ಬೇರೆ: ಅವು ಕೋಲಿಬ್ಯಾಕ್ಟಿನ್ ಎಂಬ ವಿಷವನ್ನು ತಯಾರಿಸುತ್ತವೆ, ಅದು ಡಿಎನ್‌ಎಯ ಎರಡು ಎಳೆಗಳನ್ನು ಒಂದಕ್ಕೊಂದು ಬೆಸೆದು ಹಾಳುಮಾಡುತ್ತದೆ, ಮತ್ತು ಆ ಹಾನಿಯ ಗುರುತು ಕೋಶದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. 2025ರಲ್ಲಿ ಪ್ರಕಟವಾದ, 11 ದೇಶಗಳ 981 ರೋಗಿಗಳ ಅಧ್ಯಯನದಲ್ಲಿ ಈ ಗುರುತುಗಳು 70 ದಾಟಿದವರಿಗಿಂತ 40ರೊಳಗಿನವರ ಗಡ್ಡೆಗಳಲ್ಲಿ 3.3 ಪಟ್ಟು ಹೆಚ್ಚಾಗಿ ಕಂಡವು; ಹಾನಿ ಬಾಲ್ಯದಲ್ಲಿಯೇ ಆಗಿರಬಹುದೆಂದು ಸಂಶೋಧಕರು ಊಹಿಸಿದ್ದಾರೆ. ಚಿಕ್ಕ ವಯಸ್ಸಿನವರಲ್ಲಿ ಈ ರೋಗ ಏಕೆ ಹೆಚ್ಚುತ್ತಿದೆ ಎಂಬ ಪ್ರಶ್ನೆಗೆ ಇದು ನನ್ನ ಮಟ್ಟಿಗೆ ಅತ್ಯಂತ ಮಹತ್ವದ ಸುಳಿವು.

ಆದರೂ ಇದು ಅಂಟುರೋಗವಲ್ಲ. ಇಂತಹ ಬ್ಯಾಕ್ಟೀರಿಯಾಗಳು ಆರೋಗ್ಯವಂತರಲ್ಲಿಯೂ ಇರುತ್ತವೆ, ಮತ್ತು ಅವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ. ಆನುವಂಶಿಕತೆ, ತಂಬಾಕು, ಮದ್ಯ, ಬೊಜ್ಜು ಮುಂತಾದ ಹಲವು ಕಾರಣಗಳು ಕೂಡಿ, ಸಣ್ಣ ಗಂಟೊಂದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಗಳಾದರೂ ಬೇಕು. ತಂದೆಯವರ ತಾಟನ್ನು ಬೇರೆ ಇಟ್ಟು ಅವರ ಮನಸ್ಸನ್ನು ದಯವಿಟ್ಟು ನೋಯಿಸಬೇಡಿ.

ಪ್ರೋಬಯೋಟಿಕ್ ಪುಡಿ ಈ ಕ್ಯಾನ್ಸರನ್ನು ತಡೆಯುತ್ತದೆ ಎನ್ನಲು ಆಧಾರವಿಲ್ಲ. ಬ್ಯಾಕ್ಟೀರಿಯಾ ಕೊಲ್ಲಲೆಂದು ಆ್ಯಂಟಿಬಯೋಟಿಕ್ ಗುಳಿಗೆಯನ್ನಂತೂ ನೀವಾಗಿಯೇ ನುಂಗಬೇಡಿ. ನಾರಿನಂಶವನ್ನು ಒಳ್ಳೆಯ ಬ್ಯಾಕ್ಟೀರಿಯಾಗಳು ಹುದುಗಿಸಿದಾಗ ಬ್ಯುಟಿರೇಟ್ ಎಂಬ ಆಮ್ಲ ಹುಟ್ಟುತ್ತದೆ. ದೊಡ್ಡ ಕರುಳಿನ ಒಳಪದರಕ್ಕೆ ಅದೇ ಮುಖ್ಯ ಆಹಾರ. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಅಗಸಿ ಚಟ್ನಿ ಇರುವ ನಮ್ಮ ಭಾಗದ ಊಟದಲ್ಲಿ ಆ ನಾರು ಬೇಕಾದಷ್ಟಿದೆ. ತಂಬಾಕು, ಗುಟ್ಕಾದ ಚಟವಿದ್ದರೆ ಬಿಡಿ, ಒಸಡಿನಲ್ಲಿ ರಕ್ತ ಬರುತ್ತಿದ್ದರೆ ದಂತವೈದ್ಯರಿಗೆ ತೋರಿಸಿ. ಒಡಹುಟ್ಟಿದವರಿದ್ದರೆ ಅವರಿಗೂ 38ರ ಲೆಕ್ಕವೇ ಅನ್ವಯಿಸುತ್ತದೆ, ಆದ್ದರಿಂದ ಈ ಉತ್ತರವನ್ನು ಅವರಿಗೂ ಓದಿಸಿರಿ.