ಶೇಖರಣಾ ಉಂಗುರದಲ್ಲಿ ಸುತ್ತುವ ಪುಟ್ಟ ಎಲೆಕ್ಟ್ರಾನ್ ಗೊಂಚಲನ್ನು ನೋಡುವುದು ಹೇಗೆ?

ಶೇಖರಣಾ ಉಂಗುರ ಅಂದರೆ ಎಲೆಕ್ಟ್ರಾನುಗಳನ್ನು ಗೊಂಚಲುಗಳಾಗಿ ಬೆಳಕಿನ ವೇಗದ ಹತ್ತಿರದಲ್ಲಿ ಸುತ್ತಿಸುತ್ತಲೇ ಇರುವ ಯಂತ್ರ. ಅದರಲ್ಲಿ ಕೆಲವೇ ಪಿಕೋಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯ ಹತ್ತನೇ ಒಂದು ಪಾಲಲ್ಲ, ಲಕ್ಷ ಕೋಟಿಯಲ್ಲೊಂದು ಪಾಲು) ಉದ್ದದ ಗೊಂಚಲಿನ ಆಕಾರ ತಿಳಿಯುವುದು ಹೇಗೆ ಅಂತ ಕೇಳಿದ್ದೀರಿ. ಒಂದು ಪಿಕೋಸೆಕೆಂಡಿನಲ್ಲಿ ಬೆಳಕೇ ಸಾಗುವುದು ಬರೀ 0.3 ಮಿಲಿಮೀಟರ್; ಮಾಮೂಲಿ ಕ್ಯಾಮೆರಾ ಇಲ್ಲಿ ಸಾಲದು.

ಹಳೆಯ, ನಂಬಿಕೆಯ ಸಾಧನ ಸ್ಟ್ರೀಕ್ ಕ್ಯಾಮೆರಾ. ಅದು ಗೊಂಚಲು ಬಾಗುವಾಗ ಸೂಸುವ ಬೆಳಕಿನ (ಸಿಂಕ್ರೊಟ್ರಾನ್ ಬೆಳಕು) ಕಾಲವನ್ನು ಪರದೆಯ ಮೇಲಿನ ಜಾಗವಾಗಿ ಹರಡುತ್ತದೆ. ಆದರೆ ಸಾಮಾನ್ಯವಾಗಿ ಸಿಗುವುದು ಹಲವು ಸುತ್ತುಗಳ ಸರಾಸರಿ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಎಲೆಕ್ಟ್ರೊ-ಆಪ್ಟಿಕ್ ವಿಧಾನ. ಗೊಂಚಲು ಹಾಯುವ ದಾರಿಯ ಪಕ್ಕದಲ್ಲೇ ಗ್ಯಾಲಿಯಂ ಫಾಸ್ಫೈಡ್ ಹರಳು ಇಡುತ್ತಾರೆ. ಗೊಂಚಲಿನ ವಿದ್ಯುತ್ ಕ್ಷೇತ್ರ ತಾಗಿದ ಕ್ಷಣ ಹರಳಿನ ಗುಣ ಬದಲಾಗಿ, ಅದರೊಳಗೆ ಸಾಗುವ ಲೇಸರ್ ಬೆಳಕಿನ ಧ್ರುವೀಕರಣ, ಅಂದರೆ ಅದರ ಅಲೆ ಕಂಪಿಸುವ ದಿಕ್ಕು, ತಿರುಗುತ್ತದೆ. ಲೇಸರ್ ಮಿಡಿತದ ಬಣ್ಣಗಳನ್ನು ಮೊದಲೇ ಒಂದರ ಹಿಂದೊಂದರಂತೆ ಸಾಲಾಗಿಸಿರುವುದರಿಂದ, ಯಾವ ಬಣ್ಣ ಎಷ್ಟು ಬದಲಾಯಿತು ಅನ್ನುವುದೇ ಗೊಂಚಲಿನ ಚಿತ್ರ. ಎಷ್ಟು ಜಾಣತನ ನೋಡಿ!

ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿರುವ ಸುಮಾರು 110 ಮೀಟರ್ ಸುತ್ತಳತೆಯ ಕಾರಾ ಉಂಗುರದಲ್ಲಿ ಗೊಂಚಲು ಸೆಕೆಂಡಿಗೆ ಸುಮಾರು 27 ಲಕ್ಷ ಸುತ್ತು ಹಾಕುತ್ತದೆ. ಅಲ್ಲಿನ ಕ್ಯಾಲಿಪ್ಸೊ ಡಿಟೆಕ್ಟರ್ ಈ ಬಣ್ಣಗಳ ಬದಲಾವಣೆಯನ್ನು ಪ್ರತಿ ಸುತ್ತಿನಲ್ಲೂ ದಾಖಲಿಸಬಲ್ಲದು. ಇದು ಮುಖ್ಯ, ಏಕೆಂದರೆ ಗೊಂಚಲಿನಲ್ಲಿ ಎಲೆಕ್ಟ್ರಾನುಗಳು ಒಂದು ಮಿತಿ ದಾಟಿದರೆ ಅದರದೇ ವಿಕಿರಣ ಅದನ್ನು ಕದಡಿ, ಒಳಗೆ ಸಣ್ಣ ಉಬ್ಬುತಗ್ಗುಗಳು ಏಳುತ್ತವೆ; ಟೆರಾಹರ್ಟ್ಸ್ ಬೆಳಕು (ಮೈಕ್ರೋವೇವ್ ಮತ್ತು ಅವಕೆಂಪು ಬೆಳಕಿನ ನಡುವಿನದು) ಅಲೆಅಲೆಯಾಗಿ ಸಿಡಿಯುತ್ತದೆ. ಸರಾಸರಿ ತೆಗೆದರೆ ಈ ಉಬ್ಬುತಗ್ಗೆಲ್ಲ ಅಳಿಸಿಹೋಗುತ್ತದೆ.