ನರ ಅಲ್ಲ, ಅದು ಸ್ನಾಯುರಜ್ಜು

ಪ್ರಶ್ನೆ: ನನಗೆ 44 ವರ್ಷ. ಪ್ರತಿ ಶನಿವಾರ ಅಂಜನಾದ್ರಿಯ 575 ಮೆಟ್ಟಿಲು ಹತ್ತುತ್ತೇನೆ. ಎರಡು ತಿಂಗಳಿಂದ ಬೆಳಿಗ್ಗೆ ಎದ್ದ ಕೂಡಲೇ ಹಿಮ್ಮಡಿಯ ಮೇಲ್ಗಡೆ ಬಿಗಿತ, ನೋವು. ನರ ಎಳೆದಿದೆ, ತಿಕ್ಕಿಸು ಅಂತಾರೆ. ತಿಕ್ಕಿಸಲಾ?
– ಗಂಗಾವತಿಯ ಓದುಗ

ಉತ್ತರ: ಸದ್ಯಕ್ಕೆ ಬೇಡ. ನೀವು ಹೇಳಿದ್ದು ನೋಡಿದರೆ ಅದು ನರವೇ ಅಲ್ಲ, ಮೀನಖಂಡವನ್ನು ಹಿಮ್ಮಡಿ ಎಲುಬಿಗೆ ಕಟ್ಟುವ ಹಗ್ಗ, ಅಕಿಲಿಸ್ ಸ್ನಾಯುರಜ್ಜು. ಮೈಯಲ್ಲೇ ಅತಿ ದಪ್ಪನೆಯ ರಜ್ಜು ಇದು, ಆದರೆ ಹಿಮ್ಮಡಿಯಿಂದ 2ರಿಂದ 6 ಸೆಂ.ಮೀ. ಮೇಲೆ ರಕ್ತ ಹರಿಯುವುದು ಕಡಿಮೆ, ಅದಕ್ಕೇ ಅಲ್ಲಿ ಪೆಟ್ಟಾದರೆ ಬೇಗ ಮಾಯುವುದಿಲ್ಲ.

ಪೂರ್ತಿ ಮಲಗಿಬಿಡಬೇಡಿ. ರಜ್ಜು ಗಟ್ಟಿಯಾಗುವುದು ಭಾರ ಹೊತ್ತೇ. ಮನೆಯ ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಊರಿ, ಎರಡೂ ಕಾಲಿಂದ ಮೇಲೇರಿ, ನೋವಿರುವ ಕಾಲಿನ ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗಿಳಿಸಿ: 15 ಸಲದಂತೆ 3 ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ. ಬೇಜಾರಾಗುತ್ತೆ, ಗೊತ್ತು. ಹಿಮ್ಮಡಿ ಎಲುಬಿನ ಮೇಲೇ ನೋವಿದ್ದರೆ ಮಾತ್ರ ಮೆಟ್ಟಿಲ ಮಟ್ಟಕ್ಕಿಂತ ಕೆಳಗೆ ಇಳಿಸಬೇಡಿ. ಬೆಟ್ಟಕ್ಕೆ ಸ್ವಲ್ಪ ದಿನ ರಜೆ, ಹನುಮಪ್ಪ ಸಿಟ್ಟಾಗಲ್ಲ ಬಿಡಿ.

ರಜ್ಜುವಿಗೇ ಸ್ಟಿರಾಯ್ಡ್ ಸೂಜಿ ಹಾಕಿಸಿಕೊಳ್ಳಬೇಡಿ, ಹರಿಯುವ ಭಯವಿದೆ. ಸಿಪ್ರೊಫ್ಲಾಕ್ಸಾಸಿನ್ ತರಹದ ಆಂಟಿಬಯೋಟಿಕ್ ಮಾತ್ರೆಯಿಂದಲೂ ರಜ್ಜುವಿಗೆ ತೊಂದರೆಯಾಗಬಹುದು; ಅಂಥದ್ದು ಇತ್ತೀಚೆಗೆ ನುಂಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಹಿಂದಿನಿಂದ ಯಾರೋ ಒದ್ದಂತೆ 'ಟಪ್' ಅಂದು, ಮುಂಗಾಲ ಮೇಲೆ ನಿಲ್ಲಲು ಆಗದಿದ್ದರೆ ರಜ್ಜು ಹರಿದಿರಬಹುದು. ಅವತ್ತೇ ಮೂಳೆ ಡಾಕ್ಟರ ಹತ್ತಿರ ಹೋಗಿ. ಕಾಲು ಅಲುಗದಂತೆ ಬೂಟು ಕಟ್ಟುತ್ತಾರೋ, ಹೊಲಿಗೆ ಹಾಕುತ್ತಾರೋ ಅವರು ನೋಡಿ ಹೇಳುತ್ತಾರೆ.